ಮುಂಬೈಯಲ್ಲಿ ಎಲ್ಲಿ ಉಳಿಯುವುದು? ಮಾತು ಬಿಟ್ಟ ದಂಪತಿಯ ಪ್ರಕರಣ

(ಕುಟುಂಬದ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಸವಿತಾ ಮತ್ತು ಮಹೇಶ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಾಗ ಇಬ್ಬರೂ ವಾರದಿಂದ ಮಾತು ಬಿಟ್ಟಿದ್ದರು. ಧಾರವಾಡ ಸೀಮೆಯವರು. ಮಕ್ಕಳ ಶಾಲೆಯ ರಜೆಯಲ್ಲಿ ಮುಂಬೈಗೆ ಹೋಗಿ ನಾಲ್ಕು ರಾತ್ರಿ ಉಳಿಯುವುದು ಅಂತ ತೀರ್ಮಾನವಾಗಿತ್ತು. ಜೊತೆಗೆ ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಮಹೇಶ ಅವರ ತಾಯಿ. ಅಷ್ಟರಲ್ಲಿ ಮಹೇಶ ಯಾರನ್ನೂ ಕೇಳದೆ ನವಿ ಮುಂಬೈಯ ಖಾರ್‌ಘರ್‌ನಲ್ಲಿ ದಿನಕ್ಕೆ 3,200 ರೂಪಾಯಿಯ ಫ್ಲ್ಯಾಟ್ ಬುಕ್ ಮಾಡಿದರು. ಸವಿತಾ ನೋಡಿಟ್ಟಿದ್ದು ದಕ್ಷಿಣ ಮುಂಬೈಯ ಫೋರ್ಟ್ ಕಡೆಯ ಹೋಟೆಲಿನ ಒಂದು ಫ್ಯಾಮಿಲಿ ರೂಮು, ಅದಕ್ಕೆ 5,500. "ನಾ ಬರಾಂಗಿಲ್ಲ, ನೀವ ಹೋಗಿ ಬರ್ರಿ" ಅಂದವರು ಆಮೇಲೆ ತುಟಿ ಬಿಚ್ಚಿರಲಿಲ್ಲ.

ಮಹೇಶ ಅವರ ವಾದ ಸರಳವಾಗಿತ್ತು. "ಒಂಬತ್ತು ಸಾವಿರದ ಮ್ಯಾಲ ಉಳಿತೈತ್ರಿ ಮೇಡಂ. ಎರಡು ಬೆಡ್‌ರೂಮು, ಹಾಲ್, ಅಡಗಿಮನಿ. ಅವ್ವಗ ಶುಗರ್ ಐತಿ, ಹೊರಗಿನ ಊಟ ಆಗಿಬರೂದಿಲ್ಲ. ಇದರಾಗ ತಪ್ಪೇನೈತಿ?"

ತಪ್ಪೇನೂ ಕಾಣಲಿಲ್ಲ. ತಾಯಿಯ ಮೇಲಿನ ಕಾಳಜಿಯೂ ನಿಜವಾದದ್ದೇ. ಒಂದೇ ಪ್ರಶ್ನೆ ಕೇಳಿದೆ: ಆ ಅಡುಗೆಮನೆಯಲ್ಲಿ ಅಡುಗೆ ಮಾಡುವವರು ಯಾರು? ಅವರು ಹೆಂಡತಿಯ ಕಡೆ ನೋಡಿದರು. ಸವಿತಾ ಅಲ್ಲಿಯವರೆಗೆ ಕೈಚೀಲದ ಜಿಪ್ ಎಳೆಯುತ್ತ, ಹಾಕುತ್ತ ಕೂತಿದ್ದರು. "ಇಲ್ಲೂ ನಾನ ರೊಟ್ಟಿ ಬಡೀಬೇಕು, ಅಲ್ಲಿ ಹೋಗಿನೂ ನಾನ ಬಡೀಬೇಕು. ಅದಕ್ಕ ಮುಂಬೈತನಕ ಯಾಕ ಹೋಗಬೇಕ್ರಿ?"

ಯಾವ ಪೇಟೆಯಲ್ಲಿ ಉಳಿಯುವುದು ಎಂಬ ಜಗಳದ ಕೆಳಗೆ ಇಂಥದ್ದೊಂದು ಇದ್ದೇ ಇರುತ್ತದೆ. ಉಳಿಸಿದ ಹಣ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ಉಳಿಸಲು ಯಾರ ಮೈ ದಣಿಯುತ್ತದೆ ಎಂಬುದನ್ನು ಯಾರೂ ಬರೆದಿಡುವುದಿಲ್ಲ.

ಏನೇನು ನೋಡಬೇಕು ಅಂತ ಇಬ್ಬರಿಂದಲೂ ಪಟ್ಟಿ ಬರೆಸಿದೆ. ಗೇಟ್‌ವೇ, ಎಲಿಫೆಂಟಾ ದ್ವೀಪದ ಗುಹೆಗಳು, ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯ, ಬೈಕಲಾದ ರಾಣಿಬಾಗ್ ಮೃಗಾಲಯದ ಪೆಂಗ್ವಿನ್‌ಗಳು, ವರ್ಲಿಯ ನೆಹರೂ ವಿಜ್ಞಾನ ಕೇಂದ್ರ, ಗಿರ್‌ಗಾಂವ್ ಚೌಪಾಟಿ. ಅತ್ತೆಯವರಿಗಾಗಿ ಸಿದ್ಧಿವಿನಾಯಕ, ಮಹಾಲಕ್ಷ್ಮಿ. ಎಲ್ಲವೂ ಇರುವುದು ದಾದರ್‌ನ ಆಸುಪಾಸು ಇಲ್ಲವೇ ಅಲ್ಲಿಂದ ದಕ್ಷಿಣಕ್ಕೆ. ಖಾರ್‌ಘರ್ ಇರುವುದು ಖಾಡಿಯ (ಸಮುದ್ರದ ಕಿರುಕೊಲ್ಲಿಯ) ಆಚೆ. ಹಾರ್ಬರ್ ಲೈನಿನ ಲೋಕಲ್ ರೈಲು ಹತ್ತಿದರೆ ಫೋರ್ಟ್ ಪಕ್ಕದ ದೊಡ್ಡ ಸ್ಟೇಷನ್ನು ಸಿಎಸ್‌ಎಂಟಿಗೆ (ಹಳೇ ವಿಟಿ) ಒಂದು ತಾಸಿಗೂ ಮಿಕ್ಕಿ ಬೇಕು. ಆಟೋ ಹಿಡಿದು ಹೋಗೋಣ ಅಂದರೆ ಸಾಯನ್, ಮಾಹಿಮ್ ದಾಟಿ ಒಳಗೆ ಆಟೋಗಳಿಗೆ ಪ್ರವೇಶವೇ ಇಲ್ಲ.

ಹೊರಗಿನಿಂದ ಹೋಗುವವರಿಗೆ ತಿಳಿಯದ ಸಂಗತಿ ಇನ್ನೊಂದಿದೆ. ಮುಂಬೈಯ ಜನಸಾಗರ ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಐದರ ಮೇಲೆ ಉಪನಗರಗಳ ಕಡೆ ತಿರುಗುತ್ತದೆ. ಉಪನಗರದಲ್ಲಿ ಕೋಣೆ ಹಿಡಿದ ಪ್ರವಾಸಿ ಎರಡೂ ಹೊತ್ತು ಆ ದಟ್ಟಣೆಯ ಜೊತೆಗೇ ಸಾಗಬೇಕು. ಲೋಕಲ್ ಗಾಡಿ ಒಂದು ಸ್ಟೇಷನ್ನಿನಲ್ಲಿ ನಿಲ್ಲುವುದು ಅರ್ಧ ನಿಮಿಷಕ್ಕೂ ಕಡಿಮೆ. ಆ ಹೊತ್ತಿನಲ್ಲಿ ನಾಲ್ಕು ವರ್ಷದ ಹುಡುಗನನ್ನು ಎತ್ತಿಕೊಂಡು, ಮೊಣಕಾಲು ನೋಯುವ ಹಿರಿಯರ ಕೈ ಹಿಡಿದು ಹತ್ತುವುದನ್ನು ಊಹಿಸಿ ನೋಡಿ ಎಂದು ಮಹೇಶ ಅವರಿಗೆ ಹೇಳಿದೆ.

ಮುಂದಿನ ಭೇಟಿಗೆ ತಾಯಿಯವರನ್ನೂ ಕರೆತರಲು ಹೇಳಿದ್ದೆ. ಮಗ ಸೊಸೆಯ ಎದುರು ಅವರದು ಒಂದೇ ಮಾತು: "ನನಗೇನೂ ಆಗಾಂಗಿಲ್ಲ. ಎಲ್ಲಿ ಇಡತೀರಿ ಅಲ್ಲಿ ಇರತೀನಿ." ನಮ್ಮ ಮನೆಗಳ ಹಿರಿಯರ ಈ ಮಾತನ್ನು ಒಪ್ಪಿಗೆ ಎಂದು ತಿಳಿಯಬಾರದು. ಅವರಿಬ್ಬರನ್ನೂ ಹೊರಗೆ ಕೂರಿಸಿ, ಪಕ್ಕದ ಕುರ್ಚಿಗೆ ಹೋಗಿ ಕೂತು, ಇಡೀ ದಿನದ ಓಡಾಟದಲ್ಲಿ ನಿಮಗೆ ಕಷ್ಟ ಅನಿಸುವುದು ಯಾವುದು ಅಂತ ಕೇಳಿದೆ. ಸ್ವಲ್ಪ ಹೊತ್ತು ಸೆರಗಿನ ಅಂಚು ಸರಿಪಡಿಸಿಕೊಂಡರು. ದನಿ ಇಳಿಸಿ ಹೇಳಿದರು: "ನನಗ ತಾಸಿಗೊಮ್ಮೆ ಒಂದಕ್ಕ ಹೋಗಬೇಕಾಗತೈತವ್ವಾ. ಮಗನ ಮುಂದ ಹೆಂಗ ಹೇಳಲಿ? ಅವತ್ತ ನೀರ ಕುಡಿಯೂದ ಬಿಟ್ಟರಾತು ಅನಕೊಂಡೀನಿ."

ಮುಂಬೈ ಲೋಕಲ್‌ಗಳಲ್ಲಿ ಶೌಚಾಲಯ ಇರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಬಿಸಿಲಿನಲ್ಲಿ ನೀರು ಬಿಟ್ಟು ಓಡಾಡಿದರೆ ಏನಾಗುತ್ತದೆ ಎಂಬುದು ಮನೆಯವರಿಗೆ ಗೊತ್ತಿರಲೇಬೇಕು. ಅವರ ಅನುಮತಿ ಕೇಳಿ ಸೊಸೆಗೆ ಮೊದಲು ತಿಳಿಸಿದೆ. ಮಗನಿಗೆ ಸವಿತಾ ಅವರೇ ಹೇಳಿದರು. ಅಷ್ಟು ದಿನಗಳ ನಂತರ ಗಂಡನೊಂದಿಗೆ ಅವರು ಆಡಿದ ಮೊದಲ ಮಾತು ಅದು.

ಆಮೇಲೆ ಲೆಕ್ಕಕ್ಕೆ ಕೂತೆವು. ಲೋಕಲ್ ಬೇಡವೆಂದರೆ ಖಾರ್‌ಘರ್‌ನಿಂದ ಐದು ಜನಕ್ಕೆ ದೊಡ್ಡ ಟ್ಯಾಕ್ಸಿಯೇ ಬೇಕು. ಮಹೇಶ ಆ್ಯಪ್ ತೆಗೆದು ನೋಡಿದರು, ಒಂದು ಸಲಕ್ಕೆ ಸಾವಿರದ ಮೇಲೆ. ಮೂರು ದಿನ ಹೋಗಿಬಂದರೆ ಏಳು ಸಾವಿರದ ಹತ್ತಿರ. ಉಳಿಯುವುದು ಎರಡು ಸಾವಿರ. ಅದೂ ಹಣವೇ, ನಾನು ಹಗುರ ಮಾಡಲಿಲ್ಲ. ಆದರೆ ಆ ಎರಡು ಸಾವಿರಕ್ಕಾಗಿ ನಿತ್ಯ ಎರಡು ಮೂರು ತಾಸು ರಸ್ತೆಯ ಮೇಲೆ, ಜೊತೆಗೆ ಸವಿತಾಗೆ ಅಡುಗೆ. ಇದನ್ನು ಅವರೇ ಕಾಗದದ ಮೇಲೆ ಬರೆದರು.

ಹಾಗಂತ ಫೋರ್ಟೇ ಸರಿ ಅಂತಲೂ ನಾನು ಹೇಳಲಿಲ್ಲ. ಅಲ್ಲಿನ ಹಳೇ ಕಟ್ಟಡಗಳಲ್ಲಿ ಎಷ್ಟೋ ಲಾಡ್ಜುಗಳಿಗೆ ಲಿಫ್ಟ್ ಇರುವುದಿಲ್ಲ, ಕಿಟಕಿಯಿಲ್ಲದ ಕೋಣೆಗಳೂ ಉಂಟು. ಸವಿತಾ ಇವನ್ನು ವಿಚಾರಿಸಿರಲಿಲ್ಲ. ನಾನು ಸೂಚಿಸಿದ್ದು ದಾದರ್. ಧಾರವಾಡದ ಮೇಲೆ ಹೋಗುವ ಚಾಲುಕ್ಯ, ಶರಾವತಿ ಗಾಡಿಗಳು ಕೊನೆಗೊಳ್ಳುವುದೂ ಅಲ್ಲೇ. ಸೆಂಟ್ರಲ್, ವೆಸ್ಟರ್ನ್ ಎರಡೂ ಲೈನು ಸಿಗುತ್ತವೆ, ಸಿದ್ಧಿವಿನಾಯಕ ಹತ್ತಿರ. 2025ರ ಅಕ್ಟೋಬರಿನಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿರುವ ಮೂರನೇ ಮೆಟ್ರೋ ಮಾರ್ಗ ದಾದರ್ ಪಶ್ಚಿಮದಿಂದ ನೇರ ಸಿಎಸ್‌ಎಂಟಿಗೆ, ಫೋರ್ಟಿನ ಹುತಾತ್ಮಾ ಚೌಕಕ್ಕೆ ಒಯ್ಯುತ್ತದೆ, ಲಿಫ್ಟ್ ಸೌಕರ್ಯವೂ ಇದೆ. ಊಟದ ಚಿಂತೆಗೆ ಪಕ್ಕದಲ್ಲೇ ಮಾಟುಂಗಾ. 1942ರಿಂದ ನಡೆಯುತ್ತಿರುವ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅಲ್ಲಿದೆ, ಅನ್ನ ಸಾರು ಪಲ್ಯ ಅತ್ತೆಯವರಿಗೂ ಒಗ್ಗುತ್ತದೆ. ದಾದರ್ ಸ್ಟೇಷನ್ನಿನ ಮೇಲ್ಸೇತುವೆಗಳನ್ನು ಮಾತ್ರ ಬೆಳಗ್ಗೆ, ಸಂಜೆ ಹಿರಿಯರ ಜೊತೆ ಹತ್ತಬೇಡಿ ಎಂದು ಎಚ್ಚರಿಸಿದೆ.

ಕೊಟ್ಟ ಸಲಹೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಇದು: ಕೋಣೆಗೆ ಹಣ ಕಟ್ಟುವ ಮೊದಲು ಪ್ರವಾಸದ ಯಾವುದಾದರೂ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ತಾಸು ತಾಸಾಗಿ ಬರೆಯಿರಿ. ಎಷ್ಟಕ್ಕೆ ಹೊರಡುತ್ತೀರಿ, ನಿದ್ದೆ ಬಂದ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ, ಮಧ್ಯಾಹ್ನ ಅಡ್ಡಾಗುವುದು ಎಲ್ಲಿ, ಶೌಚಾಲಯ ಎಲ್ಲಿ. ಎಲಿಫೆಂಟಾ ದಿನವನ್ನೇ ಬರೆಯಿಸಿದೆ. ದೋಣಿಯಲ್ಲಿ ಸುಮಾರು ಒಂದು ತಾಸು, ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. ಅತ್ತೆಯವರಿಗೆ ಅದು ಬೇಡ. ಕೋಣೆ ಹತ್ತಿರವಿದ್ದರೆ ಅವರು, ಚಿಕ್ಕ ಹುಡುಗ, ಜೊತೆಗೆ ದೊಡ್ಡವರೊಬ್ಬರು ಅಲ್ಲೇ ಉಳಿದು ವಿಶ್ರಾಂತಿ ಪಡೆಯಬಹುದು. ಖಾರ್‌ಘರ್‌ನಲ್ಲಿದ್ದರೆ ಮಧ್ಯಾಹ್ನ ಯಾರೂ ತಿರುಗಿ ಬರಲಾರರು. ಎಲಿಫೆಂಟಾಕ್ಕೆ ಸೋಮವಾರ, ರಾಣಿಬಾಗ್‌ಗೆ ಬುಧವಾರ ರಜೆ, ಅದನ್ನೂ ಗುರುತು ಹಾಕಿಕೊಂಡರು.

ಎಲ್ಲರಿಗೂ ಇದೇ ಸಲಹೆ ಕೊಡಲಾರೆ. ನೋಡಬೇಕಾದದ್ದು ಕಾನ್ಹೇರಿ ಗುಹೆ, ಬೋರಿವಲಿಯ ರಾಷ್ಟ್ರೀಯ ಉದ್ಯಾನ ಅಂತಿದ್ದರೆ ಉಪನಗರವೇ ವಾಸಿ. ಹಸುಗೂಸು ಇದ್ದು ದಿನದ ಬಹುಪಾಲು ಕೋಣೆಯಲ್ಲೇ ಕಳೆಯುವವರಿಗೂ ದೊಡ್ಡ ಫ್ಲ್ಯಾಟ್ ಅನುಕೂಲ. ಆಗಲೂ ಅಡುಗೆಯ ಸರದಿ ಊರಲ್ಲೇ ಗೊತ್ತುಮಾಡಿಕೊಳ್ಳಬೇಕು.

ಅವರು ದಾದರ್ ಪಶ್ಚಿಮದಲ್ಲಿ ಲಿಫ್ಟ್ ಇರುವ ಹೋಟೆಲ್ ಹಿಡಿದರು, ದಿನಕ್ಕೆ 4,600. ಫ್ಲ್ಯಾಟ್ ರದ್ದು ಮಾಡಿದ್ದಕ್ಕೆ ಸ್ವಲ್ಪ ಹಣ ಹೋಯಿತು. ಐದು ಜನಕ್ಕೆ ಕೋಣೆ ಇಕ್ಕಟ್ಟಾಯಿತೆಂದು ಮಹೇಶ ಊರಿಗೆ ಬಂದ ಮೇಲೆ ಹೇಳಿದರು, ಅದು ನ್ಯಾಯವಾದ ಮಾತು. ತಾಯಿಯವರು ಎರಡು ದಿನ ಮಧ್ಯಾಹ್ನ ಕೋಣೆಗೆ ಮರಳಿ ಮಲಗಿದ್ದರಂತೆ. ಕೇಳದೆ ಬುಕ್ ಮಾಡುವ ಮಹೇಶ ಅವರ ರೂಢಿಯ ಬಗ್ಗೆ, ಮನೆಯ ಸಾಲದ ಕಂತಿನ ಲೆಕ್ಕ ಹೆಂಡತಿಗೆ ಗೊತ್ತಿಲ್ಲದಿರುವ ಬಗ್ಗೆ ಮಾತು ಇನ್ನೂ ಬಾಕಿಯಿದೆ. ಮುಂದಿನ ಭೇಟಿಗೆ ಬ್ಯಾಂಕಿನ ಪಾಸ್‌ಬುಕ್ ತರುತ್ತೇನೆಂದು ಮಹೇಶ ಅವರೇ ಹೇಳಿ ಹೋಗಿದ್ದಾರೆ.