ಅಂಗಳದಲ್ಲಿ ನಿಂತ ಮಾರುತ್ ಗುಜರಿಗೆ ಹೋಗುವ ಮುನ್ನ

ನಿಮ್ಮ ಪ್ರಶ್ನೆ ಇಷ್ಟು: ಕಾಲೇಜಿನ ಅಂಗಳದಲ್ಲಿ ಎಷ್ಟೋ ವರ್ಷದಿಂದ ಒಂದು ಹಳೆಯ ಎಚ್‌ಎಫ್-24 ಮಾರುತ್ ಯುದ್ಧವಿಮಾನ ಮಳೆ ಬಿಸಿಲಿಗೆ ನಿಂತಿದೆ, ಈಗ ಜಾಗ ಬೇಕೆಂದು ಅದನ್ನು ಗುಜರಿಗೆ ಹಾಕುವ ಮಾತು ನಡೆದಿದೆ. ಉಳಿಸಲು ಸಾಧ್ಯವೇ? ಆಗದಿದ್ದರೆ ಏನನ್ನು ತೆಗೆದಿಡಬೇಕು?

ಸಾಧ್ಯ ಇದೆ. ಆದರೆ ಗುಜರಿಯವರ ಲಾರಿ ಗೇಟಿನೊಳಗೆ ಬರುವ ಮೊದಲೇ ಕೆಲಸ ಶುರುವಾಗಬೇಕು. ಕಟ್ಟಿದ ಮಾರುತ್‌ಗಳು ಒಟ್ಟು 147. ಎಲ್ಲವೂ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಆದವು. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಇಲ್ಲಿಗೆ ಬಂದು ವಿನ್ಯಾಸ ಮಾಡಿದ, 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಮೊದಲ ಬಾರಿ ಹಾರಿಸಿದ ವಿಮಾನ ಇದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದಿದೆ, ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲಿದೆ, ಜರ್ಮನಿಯಲ್ಲೂ ಒಂದಿದೆ. ಇನ್ನು ಹೊಸದಾಗಿ ಯಾರೂ ಕಟ್ಟುವುದಿಲ್ಲ. ಹಾಗಾಗಿ ನಿಮ್ಮ ಅಂಗಳದ್ದನ್ನು ಬರೀ ಆರು ಟನ್ ಲೋಹ ಅಂತ ಲೆಕ್ಕ ಹಾಕಬೇಡಿ.

ಮೊದಲು ಕಾಗದ ಹುಡುಕಿ. ವಿಮಾನ ನಿಮ್ಮ ಸಂಸ್ಥೆಗೆ ಬಂದಾಗಿನ ಪತ್ರದಲ್ಲಿ ಅದು ದಾನವೋ, ಪ್ರದರ್ಶನಕ್ಕೆ ಕೊಟ್ಟ ಎರವಲೋ ಅಂತ ನೋಡಿ. ಎರವಲಾಗಿದ್ದರೆ ಮಾಲೀಕತ್ವ ವಾಯುಪಡೆಯದ್ದೇ, ಮಾರುವ ಹಕ್ಕು ಕಾಲೇಜಿಗೆ ಇಲ್ಲ. ದಾನವೇ ಆಗಿದ್ದರೂ ಷರತ್ತುಗಳನ್ನು ಓದಿ. ಈ ಒಂದು ಪತ್ರ ಕೈಗೆ ಸಿಕ್ಕರೆ ಆಡಳಿತ ಮಂಡಳಿಯ ಮುಂದೆ ಅರ್ಧ ವಾದ ಮುಗಿದ ಹಾಗೆ.

ಆಮೇಲೆ ಕಾಕ್‌ಪಿಟ್. ಯಾರನ್ನೂ ಒಳಗೆ ಹತ್ತಿಸಬೇಡಿ. ಮಾರುತ್‌ನಲ್ಲಿ ಇರುವುದು ಮಾರ್ಟಿನ್-ಬೇಕರ್ ಇಜೆಕ್ಷನ್ ಸೀಟು. ಪೈಲಟನ್ನು ಸೀಟು ಸಮೇತ ಹೊರಗೆ ಎಸೆಯುವುದು ಸಿಡಿಮದ್ದಿನ ಕಾಟ್ರಿಜ್. ಪ್ರದರ್ಶನಕ್ಕೆ ಕೊಡುವಾಗ ಅವನ್ನು ತೆಗೆದಿರುತ್ತಾರೆ, ಆದರೆ 'ತೆಗೆದಿರುತ್ತಾರೆ' ಅನ್ನುವ ಊಹೆಯ ಮೇಲೆ ಯಾರ ಪ್ರಾಣವನ್ನೂ ಇಡಬಾರದು. ಹಳದಿ-ಕಪ್ಪು ಪಟ್ಟೆಯ ಹಿಡಿಯನ್ನು ಮುಟ್ಟದೆ, ಹತ್ತಿರದ ವಾಯುಪಡೆ ನೆಲೆಗೆ ಬರೆದು, ಶಸ್ತ್ರಾಸ್ತ್ರ ವಿಭಾಗದವರಿಂದ ಪರೀಕ್ಷೆ ಮಾಡಿಸಿ ಲಿಖಿತವಾಗಿ ತೆಗೆದುಕೊಳ್ಳಿ. ಕ್ಯಾನೊಪಿಯನ್ನು, ಅಂದರೆ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳವನ್ನು, ಹಾರಿಸುವ ವ್ಯವಸ್ಥೆಯನ್ನೂ, ಮೂತಿಯಲ್ಲಿರುವ ನಾಲ್ಕು 30 ಮಿ.ಮೀ. ಏಡನ್ ಫಿರಂಗಿಗಳ ಗೂಡನ್ನೂ ಅದೇ ಸಲ ನೋಡಿಸಿ.

ಮೀಟರ್‌ಗಳ ವಿಷಯ ಇನ್ನೂ ಸೂಕ್ಷ್ಮ. ಆ ಕಾಲದ ಡಯಲ್‌ಗಳ ಮುಳ್ಳು ಮತ್ತು ಅಂಕಿಗಳಿಗೆ ರೇಡಿಯಂ ಬೆರೆಸಿದ ಹೊಳೆಯುವ ಬಣ್ಣ ಬಳಿದಿರಬಹುದು. ಕತ್ತಲಲ್ಲಿ ಈಗ ಹೊಳೆಯದಿದ್ದರೆ ಅಪಾಯ ಮುಗಿಯಿತು ಅಂದುಕೊಳ್ಳಬೇಡಿ: ಸತ್ತಿರುವುದು ಹೊಳೆಯುವ ಪುಡಿ ಮಾತ್ರ, ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಗಾಜು ಗಟ್ಟಿಯಿದ್ದರೆ ಪುಡಿ ಒಳಗೇ ಇರುತ್ತದೆ. ಒಡೆದರೆ ಅದು ಉಸಿರಿಗೆ ಹೋಗುತ್ತದೆ. ವಿಕಿರಣ ಅಳೆಯುವ ಸರ್ವೇ ಮೀಟರಿನಲ್ಲಿ ಅಳೆಸಿ, ತೋರಿಸಿದವನ್ನು ಬಿಚ್ಚದೆ ಮುಚ್ಚಿದ ಡಬ್ಬಿಯಲ್ಲಿಟ್ಟು ಅಣುಶಕ್ತಿ ನಿಯಂತ್ರಣ ಮಂಡಳಿಗೆ ತಿಳಿಸಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಹಳೆಯ ಯಂತ್ರವೊಂದನ್ನು ಬಿಚ್ಚಿ ಕೋಬಾಲ್ಟ್-60 ಹೊರಬಿದ್ದು ಜೀವ ಹೋಯಿತು. ಡಯಲ್‌ನಲ್ಲಿರುವುದು ಅದಕ್ಕಿಂತ ಎಷ್ಟೋ ಪಾಲು ಕಡಿಮೆ, ಆದರೆ ಏನೆಂದು ಗೊತ್ತಿಲ್ಲದೆ ಬಿಚ್ಚುವ ತಪ್ಪು ಮಾತ್ರ ಅದೇ.

ಈಗ ವಿಮಾನದ ಆರೋಗ್ಯ. ಮೇಲಿನ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಸಾಮಾನ್ಯವಾಗಿ ಎರಡು ಮೂರು ಸಲ ಎನಾಮೆಲ್ ಬಳಿದಿರುತ್ತಾರೆ, ಅದರ ಕೆಳಗೆ ಏನು ನಡೆದಿದೆ ಎಂದು ಕಾಣುವುದೇ ಇಲ್ಲ. ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ರಿವೆಟ್‌ಗಳ ಸಾಲಿನ ನಡುವೆ ತಗಡು ದಿಂಬಿನಂತೆ ಉಬ್ಬಿದ್ದರೆ ಒಳಗೆ ತುಕ್ಕು ಬೆಳೆದು ತಗಡನ್ನು ಎತ್ತುತ್ತಿದೆ ಎಂದರ್ಥ. ಅಲ್ಯುಮಿನಿಯಂ ತುಕ್ಕು ಬಿಳಿ ಪುಡಿ. ರೆಕ್ಕೆಯ ಉದ್ದಕ್ಕೂ ಭಾರ ಹೊರುವ ತೊಲೆಯಾದ ಸ್ಪಾರ್‌ನಂಥ ದಪ್ಪ ಭಾಗಗಳ ಅಂಚಿನಲ್ಲಿ ಅದು ಬೇರೆ ರೂಪ ತಾಳುತ್ತದೆ: ಲೋಹ ಚಿರೋಟಿಯ ಹಾಗೆ ಪದರ ಪದರವಾಗಿ ಬಿಟ್ಟುಕೊಂಡು, ಉಗುರಿನಲ್ಲಿ ಎಬ್ಬಿಸಿದರೆ ಏಳುತ್ತದೆ. ರೆಕ್ಕೆ ಒಡಲಿಗೆ ಸೇರುವ ಜಾಗದಲ್ಲಿ ಈ ಚಿರೋಟಿ ಕಂಡರೆ ಕ್ರೇನಿನಲ್ಲಿ ಎತ್ತುವ ಮುಂಚೆ ಎಂಜಿನಿಯರ್ ಒಬ್ಬರು ನೋಡಲೇಬೇಕು. ಉಕ್ಕಿನ ಬೋಲ್ಟು ಅಲ್ಯುಮಿನಿಯಂಗೆ ತಾಗಿರುವಲ್ಲಿ, ನೀರು ನಿಲ್ಲುವ ಒಡಲಿನ ತಳದಲ್ಲಿ, ಗಾಳಿ ಹೋಗುವ ಇನ್‌ಟೇಕ್ ನಾಳದಲ್ಲಿ, ಹಕ್ಕಿ ಗೂಡು ಕಟ್ಟಿದ ಬಾಲದ ಸಂದಿಯಲ್ಲಿ ಮೊದಲು ಹುಡುಕಿ. ಪಾರಿವಾಳದ ಹಿಕ್ಕೆ ಈ ಲೋಹಕ್ಕೆ ಮಳೆಗಿಂತ ಕೆಟ್ಟದ್ದು.

ನೀರು ಹೋಗಲೆಂದು ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಬಣ್ಣ ಬಳಿದವರು ಅವನ್ನು ಮುಚ್ಚಿರುತ್ತಾರೆ. ತಂತಿ ಹಾಕಿ ತೆರೆಯಿರಿ, ಬರುವ ಕಪ್ಪು ನೀರನ್ನು ಬಕೆಟ್ಟಿಗೆ ಹಿಡಿಯಿರಿ. ಉಳಿಸುವ ನಿರ್ಧಾರ ಆಗುವವರೆಗೆ ಇಷ್ಟು ಮಾಡಿದರೂ ಒಂದು ಮಳೆಗಾಲದ ಹಾನಿ ತಪ್ಪುತ್ತದೆ. ನೀಲಿ ಟಾರ್ಪಾಲು ಬಿಗಿಯಾಗಿ ಕಟ್ಟಬೇಡಿ: ಒಳಗೆ ಬೆವರು ಹಿಡಿಯುತ್ತದೆ, ಗಾಳಿಗೆ ಉಜ್ಜಿ ಕ್ಯಾನೊಪಿ ಮಂಜಾಗುತ್ತದೆ. ಮೇಲೆ ಶೀಟಿನ ಚಪ್ಪರ ಹಾಕಿ, ನಾಲ್ಕೂ ಕಡೆ ಗಾಳಿ ಆಡಲಿ.

ಬೇರೆ ಕಡೆ ಸಾಗಿಸಲು ಒಪ್ಪಿಗೆ ಸಿಕ್ಕರೆ ಬಿಚ್ಚುವುದು ಅನಿವಾರ್ಯ. ರೆಕ್ಕೆಯಗಲ 9 ಮೀಟರ್, ಉದ್ದ 15.87 ಮೀಟರ್. ರಸ್ತೆಯಲ್ಲಿ ಸಾಮಾನ್ಯ ವಾಹನಕ್ಕೆ ಒಪ್ಪಿದ ಅಗಲ 2.6 ಮೀಟರ್ ಮಾತ್ರ. ಇಲ್ಲಿ ಎಲ್ಲರೂ ಎಡವುವುದು ತೂಕದ ಲೆಕ್ಕದಲ್ಲಿ. ಎರಡು ಆರ್ಫಿಯಸ್ ಎಂಜಿನ್‌ಗಳು ಹಿಂಭಾಗದಲ್ಲಿವೆ. ಅವನ್ನು ಮೊದಲೇ ತೆಗೆದಿದ್ದರೆ ಭಾರ ಮುಂದಕ್ಕೆ ವಾಲಿರುತ್ತದೆ, ಎಂಜಿನ್ ಇದ್ದು ಸೀಟು, ಫಿರಂಗಿ ತೆಗೆದಿದ್ದರೆ ಮೂತಿ ಹಗುರಾಗಿ ಬಾಲದ ಮೇಲೆ ಕುಳಿತುಬಿಡಬಹುದು. ಏನಿದೆ ಏನಿಲ್ಲ ಎಂದು ಬರೆದುಕೊಂಡು, ಬಾಲದ ಕೆಳಗೆ ಸ್ಟ್ಯಾಂಡ್ ಕೊಟ್ಟೇ ಕೆಲಸ ಶುರು ಮಾಡಿ. ಬೋಲ್ಟುಗಳಿಗೆ ಕನಿಷ್ಠ ಒಂದು ವಾರ ದಿನಾ ತುಕ್ಕು ಬಿಡಿಸುವ ಎಣ್ಣೆ ಹಾಕಿ. ರೆಕ್ಕೆಯ ಭಾರವನ್ನು ಕೆಳಗಿನಿಂದ ಹೊತ್ತು, ಬೋಲ್ಟಿನ ಮೇಲೆ ಹೊರೆ ಇಲ್ಲದ ಹಾಗೆ ಮಾಡಿದರೆ ಅದು ಸರಾಗವಾಗಿ ಬರುತ್ತದೆ. ಬರುತ್ತಿಲ್ಲ ಎಂದು ಸುತ್ತಿಗೆಯಲ್ಲಿ ಬಡಿಯುವವರು ಹೆಚ್ಚಿನ ಸಲ ಹೊರೆಯ ವಿರುದ್ಧ ಬಡಿಯುತ್ತಿರುತ್ತಾರೆ. ಬಂದ ಬೋಲ್ಟನ್ನು ಜಿಪ್ ಕವರಿನಲ್ಲಿ ಹಾಕಿ, ಜಾಗದ ಹೆಸರು ಬರೆದು, ಫೋಟೊ ತೆಗೆದಿಡಿ. ಚಕ್ರ ಬಿಚ್ಚುವ ಮುನ್ನ ಗಾಳಿ ಪೂರ್ತಿ ಬಿಟ್ಟು, ಆಮೇಲೆ ವಾಲ್ವ್ ಕೋರ್ ತೆಗೆಯಿರಿ. ಎರಡು ಹೋಳಿನ ರಿಮ್‌ನ ಬೋಲ್ಟನ್ನು ಗಾಳಿ ಇರುವಾಗ ಸಡಿಲಿಸಿದರೆ ಅದು ಬಾಂಬಿನಂತೆ ಬಿಚ್ಚಿಕೊಳ್ಳುತ್ತದೆ. ಚಕ್ರ ಹೊತ್ತ ಲ್ಯಾಂಡಿಂಗ್ ಗೇರಿನ ಕಾಲಿನಲ್ಲೂ, ಎಣ್ಣೆಯ ಒತ್ತಡ ಕೂಡಿಡುವ ಹೈಡ್ರಾಲಿಕ್ ಅಕ್ಯುಮುಲೇಟರ್‌ನಲ್ಲೂ ಒತ್ತಡದ ಅನಿಲ ಉಳಿದಿರಬಹುದು.

ಬೋಲ್ಟು ಬಿಚ್ಚುವುದಕ್ಕೂ ಕಡಿಯುವುದಕ್ಕೂ ಇರುವ ವ್ಯತ್ಯಾಸಕ್ಕೆ ಬೆಂಗಳೂರಿನದೇ ಸಾಕ್ಷಿ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಹಾರದ ಹಾಗೆ ಹಾಳುಗೆಡವಿ ಬಿಟ್ಟು ಹೋದರು. ಎಚ್‌ಎಎಲ್‌ನವರು ಅಲ್ಲಿ ಹುಡುಕಿ, ಹಾರಿಸುವಷ್ಟು ಜೋಡಿಸಿ, ಪೈಲಟ್ ಜಮ್ಷೆಡ್ ಮುನ್ಷಿ ಅವರ ಕೈಯಲ್ಲಿ ಒಂದೊಂದಾಗಿ ಬೆಂಗಳೂರಿಗೆ ತರಿಸಿ ಪೂರ್ತಿ ರಿಪೇರಿ ಮಾಡಿದರು. 1948ರಲ್ಲಿ ವಾಯುಪಡೆ ಸೇರಿದ ಅವು 1968ರವರೆಗೆ ಹಾರಿದವು. ಇವತ್ತು ಲಂಡನ್ನಿನ ಹೆಂಡನ್, ಅಮೆರಿಕದ ಪಿಮಾ, ಒಟ್ಟಾವದ ಮ್ಯೂಸಿಯಂಗಳಲ್ಲಿ ನಿಂತಿರುವ ಲಿಬರೇಟರ್‌ಗಳು ಇಲ್ಲಿಂದ ಹೋದವೇ. ಹಾಳಾದದ್ದನ್ನು ಬದಲಿಸಬಹುದಿತ್ತು, ಯಾಕೆಂದರೆ ಅಸ್ಥಿಪಂಜರ ತುಂಡಾಗಿರಲಿಲ್ಲ. ಸ್ಪಾರ್ ಕಡಿದ ಮೇಲೆ ಆ ಮಾತು ಇಲ್ಲ.

ಎಲ್ಲ ಪ್ರಯತ್ನ ಮುಗಿದು ಗುಜರಿಯೇ ಗತಿ ಎಂದಾದರೆ, ಕೆಲಸದವರ ಕ್ಷೇಮಕ್ಕಾಗಿ ಮೂರು ಮಾತು ಟೆಂಡರಿನಲ್ಲೇ ಬರೆಯಿಸಿ. ರೆಕ್ಕೆ ಮತ್ತು ಒಡಲಿನ ಟ್ಯಾಂಕುಗಳನ್ನು ಖಾಲಿ ಮಾಡಿ, ತೆರೆದು, ಆವಿ ಇಲ್ಲವೆಂದು ಅಳೆದ ಮೇಲೆಯೇ ಕಿಡಿ ಹಾರುವ ಕೆಲಸ. ಒಳಗಿನ ಹಸಿರು-ಹಳದಿ ಪ್ರೈಮರ್ ಕ್ರೋಮೇಟ್, ಅದರ ಧೂಳು ವಿಷ, ಗ್ರೈಂಡರ್ ಹಿಡಿಯುವವರಿಗೆ ಒಳ್ಳೆಯ ಮಾಸ್ಕ್ ಬೇಕು. ಮೂರನೆಯದು ಮೆಗ್ನೀಸಿಯಂ. ಚಕ್ರದ ಹಬ್, ಗೇರ್‌ಬಾಕ್ಸ್ ಕವಚಗಳು ಈ ಲೋಹದ್ದಾಗಿರಬಹುದು, ನೋಡಲು ಅಲ್ಯುಮಿನಿಯಂ ತರಹವೇ. ಬಣ್ಣ ಕೆರೆದು ಒಂದು ತೊಟ್ಟು ವಿನೆಗರ್ ಬಿಡಿ: ಮೆಗ್ನೀಸಿಯಂ ಆದರೆ ತಕ್ಷಣ ನೊರೆ ಏಳುತ್ತದೆ, ಅಲ್ಯುಮಿನಿಯಂ ಸುಮ್ಮನಿರುತ್ತದೆ. ನೊರೆ ಬಂದ ಭಾಗಕ್ಕೆ ಗ್ಯಾಸ್ ಕಟರ್ ತಾಗಿಸಬಾರದು. ಹೊತ್ತಿಕೊಂಡರೆ ನೀರು ಹಾಕಲೇಬಾರದು, ಒಣ ಮರಳು ಮುಚ್ಚಬೇಕು.

ತೆಗೆದಿಡಬೇಕಾದ್ದರಲ್ಲಿ ಮೊದಲನೆಯದು ಅಂಗೈಯಷ್ಟೂ ಇಲ್ಲದ ತಯಾರಕರ ಲೋಹದ ಫಲಕ. ಅದು ಹೋದರೆ ಇದು 147ರಲ್ಲಿ ಯಾವುದು ಅಂತ ಹೇಳುವುದು ಕಷ್ಟ. ಬಾಲದ ಹತ್ತಿರ BD ಅಥವಾ D ಅಕ್ಷರದಿಂದ ಶುರುವಾಗುವ ಸಂಖ್ಯೆ ಬರೆದಿದ್ದರೂ ಪೂರ್ತಿ ನಂಬಬೇಡಿ, ಮರು ಬಣ್ಣ ಬಳಿಯುವಾಗ ತಪ್ಪಾಗಿರಬಹುದು. 400, 600, 800 ನಂಬರಿನ, ನೀರು ಹಾಕಿ ಉಜ್ಜುವ ಮರಳುಕಾಗದದಿಂದ ಅಂಗೈಯಗಲ ಜಾಗವನ್ನು ನಿಧಾನ ಉಜ್ಜಿ, ಒಂದೊಂದು ಪದರಕ್ಕೂ ಫೋಟೊ ತೆಗೆಯಿರಿ, ಹಳೆಯ ಸಂಖ್ಯೆ ಮತ್ತು ಸ್ಕ್ವಾಡ್ರನ್ ಗುರುತು ಕೆಳಗಿರುತ್ತದೆ. ಕಳಚುವ ಪ್ಯಾನೆಲ್‌ಗಳ ಒಳಮೈಯಲ್ಲಿ ಒತ್ತಿದ ಅಂಕಿಗಳನ್ನು ಜೋಡಿಸಿ ನೋಡಿ. ಜೊತೆಗೆ ಬಂದ ಸರ್ವೀಸಿಂಗ್ ದಾಖಲೆ ಯಾವುದಾದರೂ ಕಾಲೇಜಿನ ಸ್ಟೋರಿನಲ್ಲಿದ್ದರೆ ಅದು ಲೋಹಕ್ಕಿಂತ ಬೆಲೆಬಾಳುವಂಥದ್ದು.

ಆಮೇಲೆ ಕಾಕ್‌ಪಿಟ್ ಭಾಗ. ಇಡೀ ವಿಮಾನಕ್ಕೆ ಜಾಗ ಕೊಡದವರೂ ಮೂತಿಯಿಂದ ಕ್ಯಾನೊಪಿಯ ಹಿಂದಿನವರೆಗಿನ ತುಂಡಿಗೆ ಒಂದು ಕೋಣೆ ಕೊಡುತ್ತಾರೆ. ಕತ್ತರಿಸಲೇಬೇಕಾದರೆ ಸೀಟಿನ ಹಿಂದಿನ ಗಟ್ಟಿ ಫ್ರೇಮಿನಿಂದ ಒಂದು ಗೇಣು ಹಿಂದಕ್ಕೆ ಗೆರೆ ಎಳೆಯಿರಿ, ಫ್ರೇಮ್ ತುಂಡಿನ ಜೊತೆ ಬರಬೇಕು, ಇಲ್ಲದಿದ್ದರೆ ಆಕಾರ ಸೊಟ್ಟಗಾಗುತ್ತದೆ. ಕೊಡಲಿಯೂ ಜೆಸಿಬಿಯೂ ಬೇಡ, ಕತ್ತರಿಸುವ ಡಿಸ್ಕಿನಲ್ಲಿ ನೇರ ಕೊಯ್ಯಿರಿ. ವೈರು ಮತ್ತು ಪೈಪುಗಳನ್ನು ಮೊದಲು ಕೈಯಲ್ಲಿ ಬಿಚ್ಚಿ ಚೀಟಿ ಕಟ್ಟಿ. ಅದೇ ದಿನ ಬಾಲದ ನಿಲುವು ರೆಕ್ಕೆಯನ್ನೂ ಬೋಲ್ಟು ಬಿಚ್ಚಿ ಒಳಗೆ ಸಾಗಿಸಿ. ಹೊರಗೆ ಒಂದು ರಾತ್ರಿ ಬಿಟ್ಟ ಸಾಮಾನು ಬೆಳಗಾಗುವಷ್ಟರಲ್ಲಿ ತೂಕದ ಲೆಕ್ಕಕ್ಕೆ ಹೋಗಿರುತ್ತದೆ.