ಅರವತ್ತರ ಸೊಂಟಕ್ಕೆ ಎಷ್ಟು ವ್ಯಾಯಾಮ?

ಮುಂಬಯಿ, ಪುಣೆ, ಗೋವಾದಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸೊಂಟನೋವಿನವೇ. ಊರು ಬೇರೆ, ವಯಸ್ಸು ಬೇರೆ, ಕೇಳಿರುವುದು ಮಾತ್ರ ಒಂದೇ: ಯಾವ ಆಸನ ಮಾಡಲಿ? ಎಷ್ಟು ಮಾಡಬೇಕು, ಯಾವಾಗ ಹೆಚ್ಚಿಸಬೇಕು ಎಂದು ಕೇಳಿದವರು ಒಬ್ಬರೇ. ಅವರ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತೇನೆ. ವ್ಯಾಯಾಮ ಯಾಕೆ ಬೇಕು ಎಂಬುದನ್ನು ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನನಗೆ 64. ಮಾಟುಂಗದ ಹೋಟೆಲಿನಲ್ಲಿ ಮೂವತ್ತೈದು ವರ್ಷ ಗಲ್ಲಾದಲ್ಲಿ ಕೂತು ಈಗ ನಿವೃತ್ತ. ಎಂಆರ್‌ಐನಲ್ಲಿ ಎಲ್4–ಎಲ್5 ಡಿಸ್ಕ್ ಬಲ್ಜ್ (ಸೊಂಟದ ನಾಲ್ಕನೇ–ಐದನೇ ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಎಂದು ಬಂದಿದೆ. ನಾಲ್ಕು ತಿಂಗಳಿಂದ ಬೆಲ್ಟ್ ಕಟ್ಟಿದ್ದೇನೆ, ಬಗ್ಗುವುದನ್ನು ಪೂರ್ತಿ ಬಿಟ್ಟಿದ್ದೇನೆ. ನೋವು ಕಾಲಿಗೆ ಇಳಿಯುವುದಿಲ್ಲ. ಮಗಳು ವಾಕಿಂಗ್ ಹೋಗಿ ಅನ್ನುತ್ತಾಳೆ, ಪಕ್ಕದ ಮನೆಯವರು ಭುಜಂಗಾಸನ ಅನ್ನುತ್ತಾರೆ. ಏನು ಮಾಡಲಿ, ಎಷ್ಟು ಮಾಡಲಿ? (ಡೊಂಬಿವಲಿ)

ಉತ್ತರ: ಮೊದಲು ಆ ಎಂಆರ್‌ಐ ವರದಿಯನ್ನು ಫೈಲಿನೊಳಗೆ ಇಡಿ. ಸೊಂಟನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿದ ಪರಾಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅರವತ್ತರ ಆಸುಪಾಸಿನವರಲ್ಲಿ ನೂರಕ್ಕೆ 69 ಮಂದಿಗೆ ಡಿಸ್ಕ್ ಬಲ್ಜ್ ಇರುತ್ತದೆ, ಎಂಬತ್ತರವರಲ್ಲಿ 84 ಮಂದಿಗೆ. ಅವರಾರಿಗೂ ನೋವಿಲ್ಲ. ಡಿಸ್ಕ್ ಸೋಪಿನ ಹಾಗೆ ಜಾರಿ ಹೊರಗೆ ಬೀಳುವ ವಸ್ತುವೂ ಅಲ್ಲ; ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ‘ಡಿಸ್ಕ್ ಜಾರಿದೆ, ಇನ್ನು ಜೀವಮಾನವಿಡೀ ಬಗ್ಗಬಾರದು’ ಎಂದು ಹೇಳಿ ಕಳಿಸುವವರು ಮಾಡುವ ಹಾನಿ ಡಿಸ್ಕಿನ ಹಾನಿಗಿಂತ ದೊಡ್ಡದು.

ಆದರೆ ವ್ಯಾಯಾಮಕ್ಕೆ ಇಳಿಯುವ ಮೊದಲು ಇಷ್ಟನ್ನು ನೋಡಿಕೊಳ್ಳಲೇಬೇಕು. ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಕುಳಿತಾಗ ಆಸನಕ್ಕೆ ತಾಗುವ ಭಾಗ ಮರಗಟ್ಟುವುದು, ಪಾದ ಎತ್ತಲಾಗದೆ ಚಪ್ಪಲಿ ನೆಲಕ್ಕೆ ಉಜ್ಜುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಹೇಗೆ ಮಲಗಿದರೂ ಬಿಡದ ರಾತ್ರಿನೋವು, ಹಿಂದೆ ಕ್ಯಾನ್ಸರ್ ಆಗಿರುವುದು, ಬಿದ್ದ ಮೇಲೆ ಶುರುವಾದ ನೋವು, ವರ್ಷಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡಿರುವುದು, ಇಂಥವಿದ್ದರೆ ವೈದ್ಯರು ನೋಡುವವರೆಗೆ ವ್ಯಾಯಾಮ ಬೇಡ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಇದೆ. ಅದನ್ನು ‘ವಯಸ್ಸಿನ ನೋವು’ ಎಂದುಕೊಂಡು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸುತ್ತಾ ಕೂರಬೇಡಿ.

ಬೆಲ್ಟ್ ಬಿಡಿ. ದೀರ್ಘಕಾಲದ ಸೊಂಟನೋವಿಗೆ ಬೆಲ್ಟ್, ಟ್ರ್ಯಾಕ್ಷನ್ (ತೂಕ ಕಟ್ಟಿ ಸೊಂಟ ಎಳೆಯುವುದು) ಎರಡನ್ನೂ ವಾಡಿಕೆಯಾಗಿ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ನಾಲ್ಕು ತಿಂಗಳ ಅಭ್ಯಾಸವಾದ್ದರಿಂದ ಒಮ್ಮೆಲೇ ಕಿತ್ತೆಸೆದರೆ ಹೆದರಿಕೆಯಾಗುತ್ತದೆ, ಹೆದರಿಕೆಗೆ ಸ್ನಾಯು ಬಿಗಿಯುತ್ತದೆ. ದಿನಕ್ಕೊಂದು ಗಂಟೆಯಂತೆ ಕಡಿಮೆ ಮಾಡಿ. ಎರಡು ವಾರದಲ್ಲಿ ಮುಗಿಯಬೇಕು.

ಇನ್ನು ಬೆಳಗಿನ ಹೊತ್ತು. ಇದನ್ನು ಯಾರೂ ಕೇಳುವುದಿಲ್ಲ, ನೋವಿನ ದೊಡ್ಡ ಪಾಲು ಇರುವುದು ಇಲ್ಲಿಯೇ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬುತ್ತದೆ. ಹಾಗಾಗಿ ಬೆಳಿಗ್ಗೆ ಎಲ್ಲರೂ ಒಂದು–ಎರಡು ಸೆಂಟಿಮೀಟರ್ ಎತ್ತರವಿರುತ್ತೇವೆ. ಎದ್ದ ಮೊದಲ ಗಂಟೆಯಲ್ಲೇ ಅದರ ಅರ್ಧದಷ್ಟು ಇಳಿಯುತ್ತದೆ. ಉಬ್ಬಿರುವ ಡಿಸ್ಕಿನ ಮೇಲೆ ಬಗ್ಗಿದಾಗ ಬೀಳುವ ಒತ್ತಡ ಬಹಳ ಹೆಚ್ಚು. ನಮ್ಮ ಊರುಗಳಲ್ಲಿ ಎಷ್ಟೋ ಕಟ್ಟಡಗಳಿಗೆ ನೀರು ಬರುವುದು ಅದೇ ಹೊತ್ತಿಗೆ. ಹಾಸಿಗೆಯಿಂದ ಎದ್ದವರು ನೇರ ಬಚ್ಚಲಿಗೆ ಹೋಗಿ, ನೆಲದ ಮೇಲಿನ ತುಂಬಿದ ಬಕೆಟ್ ಎತ್ತಿ, ಸೊಂಟ ತಿರುಗಿಸಿ ಡ್ರಮ್ಮಿಗೆ ಸುರಿಯುತ್ತಾರೆ. ಹದಿನಾರು ಲೀಟರ್ ಅಂದರೆ ಹದಿನಾರು ಕಿಲೋ. ಬಕೆಟ್ಟನ್ನು ಮೊಣಕಾಲೆತ್ತರದ ಸ್ಟೂಲಿನ ಮೇಲಿಟ್ಟು ತುಂಬಿಸಿ, ಅರ್ಧಕ್ಕೆ ನಿಲ್ಲಿಸಿ, ಸಾಧ್ಯವಿದ್ದರೆ ಪೈಪ್ ಹಾಕಿ. ಸುರಿಯುವಾಗ ಸೊಂಟ ತಿರುಗಬಾರದು, ಪಾದ ತಿರುಗಬೇಕು. ಬೆಳಗಿನ ಬಾಗುವಿಕೆಯನ್ನು ಹಿಡಿತದಲ್ಲಿಟ್ಟರೆ ನೋವು ಕಡಿಮೆಯಾಗುತ್ತದೆ ಎಂದು 1998ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಐದೂವರೆಯ ಯೋಗ ತರಗತಿಯಲ್ಲಿ ಮೊದಲಿಗೇ ಪಶ್ಚಿಮೋತ್ತಾನಾಸನ ಹಾಕಿಸುವವರಿಗೂ ಈ ಮಾತು ತಲುಪಲಿ. ಎದ್ದು ಒಂದು ಗಂಟೆಯಾಗುವವರೆಗೆ ಮುಂದೆ ಬಗ್ಗುವ ಯಾವ ವ್ಯಾಯಾಮವೂ ಬೇಡ.

ಈಗ ವ್ಯಾಯಾಮ. ಕೆಳಗಿನ ನಾಲ್ಕರಲ್ಲಿ ಕೊನೆಯ ಮೂರು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಪ್ರಯೋಗಾಲಯದಲ್ಲಿ ಅಳೆದು ಆಯ್ದವು. ಬೆನ್ನಿನ ಮೇಲೆ ಕಡಿಮೆ ಭಾರ ಹಾಕಿ ಸುತ್ತಲಿನ ಸ್ನಾಯುಗಳಿಗೆ ಹೆಚ್ಚು ಕೆಲಸ ಕೊಡುವುದು ಇವುಗಳ ಗುಣ. ಚಾಪೆಯ ಮೇಲೆ ಮಾಡಿ. ಮೆತ್ತನೆಯ ಹಾಸಿಗೆಯಲ್ಲಿ ಇವು ಕೆಲಸ ಮಾಡುವುದಿಲ್ಲ.

ಮೊದಲನೆಯದು ಕೈ–ಮೊಣಕಾಲೂರಿ ಬೆನ್ನನ್ನು ನಿಧಾನವಾಗಿ ಮೇಲಕ್ಕೆ ಉಬ್ಬಿಸಿ ಕೆಳಕ್ಕೆ ಇಳಿಸುವುದು, ಎಂಟು ಸಲ. ಕೊನೆಯಲ್ಲಿ ಒತ್ತಿ ಎಳೆಯಬೇಡಿ, ಇದು ಕೀಲು ಸಡಿಲಿಸಲು ಮಾತ್ರ. ಎರಡನೆಯದಕ್ಕೆ ಅಂಗಾತ ಮಲಗಿ ಒಂದು ಮೊಣಕಾಲು ಮಡಚಿ, ಇನ್ನೊಂದು ಕಾಲು ನೇರ. ಎರಡೂ ಅಂಗೈ ಸೊಂಟದ ಪೊಳ್ಳಿನಡಿ ಇರಲಿ. ತಲೆ–ಹೆಗಲನ್ನು ಎರಡು ಬೆರಳಿನಷ್ಟು ಮಾತ್ರ ಎತ್ತಿ. ಕೈಗಳ ಮೇಲೆ ಸೊಂಟ ಒತ್ತಿದರೆ ನೀವು ತಪ್ಪು ಮಾಡುತ್ತಿದ್ದೀರಿ. ಕುತ್ತಿಗೆ ನೋವಿರುವವರು ಇದನ್ನು ಬಿಡಿ.

ಮೂರನೆಯದು ಪಕ್ಕಕ್ಕೆ ಮಲಗಿ ಮೊಣಕೈ ಮತ್ತು ಮಡಚಿದ ಮೊಣಕಾಲಿನ ಮೇಲೆ ಸೊಂಟ ಎತ್ತುವುದು. ಹೆಗಲು ನೋವಿದ್ದರೆ ಗೋಡೆಗೆ ಮೊಣಕೈ ಒರಗಿಸಿ ನಿಂತೇ ಮಾಡಬಹುದು. ನಾಲ್ಕನೆಯದಕ್ಕೆ ಕೈ–ಮೊಣಕಾಲೂರಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ, ಆಮೇಲೆ ಬದಲಿಸಿ. ಹೆಚ್ಚಿನವರು ಕಾಲನ್ನು ಬೆನ್ನಿಗಿಂತ ಮೇಲಕ್ಕೆ ಎತ್ತುತ್ತಾರೆ, ಆಗ ಸೊಂಟ ಒಳಕ್ಕೆ ಕುಸಿದು ಅಲ್ಲಿಯೇ ಹಿಡಿಯುತ್ತದೆ. ಸೊಂಟದ ಮೇಲೊಂದು ಖಾಲಿ ಸ್ಟೀಲ್ ಲೋಟ ಇಟ್ಟು ನೋಡಿ. ಅದು ಉರುಳಿದರೆ ಕಾಲು ಇಳಿಸಿ. ಮೊಣಕಾಲೂರಲು ಆಗದವರು ಅಡುಗೆಕಟ್ಟೆಗೆ ಎರಡೂ ಕೈ ಊರಿ ನಿಂತು ಮಾಡಲಿ.

ಕೊನೆಯ ಮೂರರಲ್ಲಿ ಪ್ರತಿ ಸಲ ಹಿಡಿಯುವುದು ಎಂಟರಿಂದ ಹತ್ತು ಸೆಕೆಂಡು, ಅದಕ್ಕಿಂತ ಹೆಚ್ಚಲ್ಲ. ಮೊದಲು ಐದು ಸಲ, ಸ್ವಲ್ಪ ನಿಂತು ಮೂರು ಸಲ, ಮತ್ತೆ ಒಂದು ಸಲ. ದಣಿದಂತೆ ಲೆಕ್ಕ ಇಳಿಯುವುದರಿಂದ ಭಂಗಿ ಕೆಡುವುದಿಲ್ಲ. ಉಸಿರು ಕಟ್ಟಬೇಡಿ, ರಕ್ತದೊತ್ತಡ ಏರುತ್ತದೆ; ಸೆಕೆಂಡುಗಳನ್ನು ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ.

ಇವು ದಿನಾ ಮಾಡುವಂಥವು. ವಾರಕ್ಕೆ ಮೂರು ದಿನ ಇನ್ನೆರಡು ಸೇರಿಸಿ. ಕುರ್ಚಿಯಿಂದ ಏಳುವುದು: ಕೈ ಎದೆಯ ಮೇಲೆ ಕಟ್ಟಿ ಎದ್ದು ನಿಲ್ಲಿ, ಮೂರು ಸೆಕೆಂಡು ತೆಗೆದುಕೊಂಡು ಕೂರಿ. ಎಂಟು ಸಲದಂತೆ ಎರಡು ಸುತ್ತು. ಏಳಲಾಗದಿದ್ದರೆ ಕುರ್ಚಿಯ ಮೇಲೊಂದು ದಿಂಬು. ಹನ್ನೆರಡು ಸಲ ಸಲೀಸಾದ ಮೇಲೆ ಎರಡೂ ಕೈಯಲ್ಲಿ ಲೀಟರ್ ಬಾಟಲಿ ಹಿಡಿಯಿರಿ. ತೊಡೆ ಸೋತವರು ನೆಲದಿಂದ ಏನನ್ನೇ ಎತ್ತಿದರೂ ಸೊಂಟದಿಂದಲೇ ಎತ್ತುತ್ತಾರೆ. ಅರವತ್ತರ ಮೇಲೆ ಸೊಂಟ ಸೋಲುವುದು ಹೆಚ್ಚಾಗಿ ಹೀಗೆ.

ಎರಡನೆಯದು, ನೀವು ಬಿಟ್ಟಿರುವ ಬಗ್ಗುವಿಕೆ. ಉದ್ದನೆಯ ಕೋಲನ್ನು ಬೆನ್ನಿಗೆ ಹಿಡಿದುಕೊಳ್ಳಿ. ಅದು ತಲೆಯ ಹಿಂಭಾಗ, ಹೆಗಲೆಲುಬುಗಳ ನಡುವೆ, ಬಾಲಮೂಳೆ, ಮೂರೂ ಕಡೆ ತಾಗಿರಬೇಕು. ಮೊಣಕಾಲು ತುಸು ಮಡಚಿ, ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತಾ ಬಾಗಿ. ಕೋಲು ಎಲ್ಲಿ ಬಿಟ್ಟಿತೋ ಅಲ್ಲಿಗೆ ಸದ್ಯಕ್ಕೆ ನಿಮ್ಮ ಮಿತಿ. ವಾರದ ಬಳಿಕ ಕೋಲು ಇಟ್ಟು, ಸ್ಟೂಲಿನ ಮೇಲಿನ ಎರಡು ಲೀಟರ್ ನೀರಿನ ಬಕೆಟ್ ಎತ್ತಿ, ಎಂಟು ಸಲ. ವಾರಕ್ಕೊಂದು ಲೀಟರ್ ಏರಿಸಿ. ಎಂಟು–ಹತ್ತು ಲೀಟರಿಗೆ ಬಂದಾಗ ಸ್ಟೂಲಿನ ಎತ್ತರ ಇಳಿಸಿ, ಆದರೆ ಆ ವಾರ ನೀರು ಏರಿಸಬೇಡಿ.

ಮಗಳು ಹೇಳಿದ್ದು ಸರಿ. ಆಸ್ಟ್ರೇಲಿಯಾದಲ್ಲಿ ಸೊಂಟನೋವಿನಿಂದ ಚೇತರಿಸಿಕೊಂಡ 701 ಮಂದಿಯ ಮೇಲೆ ನಡೆದ ಪ್ರಯೋಗ 2024ರಲ್ಲಿ ಪ್ರಕಟವಾಗಿದೆ. ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದಲ್ಲಿ ಹಂತಹಂತವಾಗಿ ನಡಿಗೆ ಹೆಚ್ಚಿಸಿದವರಿಗೆ ನೋವು ಮರಳಲು 208 ದಿನ ಹಿಡಿಯಿತು, ಉಳಿದವರಿಗೆ 112 ದಿನ. ಅವರ ಗುರಿ ವಾರಕ್ಕೆ ಐದು ದಿನ, ಮೂವತ್ತು ನಿಮಿಷ, ಅದನ್ನು ಮುಟ್ಟಲು ಆರು ತಿಂಗಳು. ನೀವು ಹತ್ತು ನಿಮಿಷದಿಂದ ಶುರುಮಾಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಅಂಗಡಿ ನೋಡುತ್ತಾ ಕಾಲೆಳೆಯುವುದು ಇದಕ್ಕೆ ಸೇರುವುದಿಲ್ಲ. ನಿಂತು ನಿಂತು ನಡೆದರೆ ಸೊಂಟ ಇನ್ನಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಟೈಲ್ಸಿನ ಮೇಲೆ ಸಾಹಸ ಬೇಡ, ಕಟ್ಟಡದ ಪ್ಯಾಸೇಜಿನಲ್ಲೇ ಹಿಂದೆ ಮುಂದೆ ನಡೆಯಿರಿ.

ನೋವಿನ ಲೆಕ್ಕ ಹೀಗಿರಲಿ. ಸೊನ್ನೆಯಿಂದ ಹತ್ತರೊಳಗೆ ಮೂರರಷ್ಟು ನೋವು ವ್ಯಾಯಾಮದ ವೇಳೆ ಬಂದರೆ ನಿಲ್ಲಿಸಬೇಕಿಲ್ಲ. ಮರುದಿನ ಬೆಳಿಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಲೆಕ್ಕ ಅರ್ಧ ಮಾಡಿ, ವ್ಯಾಯಾಮ ಬಿಡಬೇಡಿ. ನೋವು ಕಾಲಿನೊಳಗೆ ಇಳಿಯತೊಡಗಿದರೆ ಮಾತ್ರ ಆ ಚಲನೆಯನ್ನು ನಿಲ್ಲಿಸಿ. ಒಂದು ವಾರದಲ್ಲಿ ಒಂದೇ ಸಂಗತಿ ಏರಿಸಿ: ಭಾರ, ಸಂಖ್ಯೆ ಅಥವಾ ನಡಿಗೆಯ ನಿಮಿಷ. ಆರು ವಾರ ಆಗುವವರೆಗೆ ‘ಉಪಯೋಗವಾಗಲಿಲ್ಲ’ ಎಂದು ಬರೆಯಬೇಡಿ.

ಇಷ್ಟು ಮಾಡಿದವರು ಕೆಡುವುದು ಎಲ್ಲಿ ಗೊತ್ತೇ? ನೋವಿಲ್ಲದ ದಿನ. ಚೌತಿಗೆ ಮುಂಚೆ ಒಂದು ಭಾನುವಾರ ಮೈ ಹಗುರವೆನಿಸಿತು ಎಂದು ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ, ಕಿಟಕಿ ತೊಳೆದು, ಸೋಮವಾರ ಹಾಸಿಗೆ ಹಿಡಿಯುತ್ತಾರೆ. ಆಮೇಲೆ ‘ವ್ಯಾಯಾಮದಿಂದ ಹೆಚ್ಚಾಯಿತು’ ಎನ್ನುತ್ತಾರೆ. ಒಳ್ಳೆಯ ದಿನದಂದೂ ಅಂದಿನ ಲೆಕ್ಕಕ್ಕಿಂತ ಹೆಚ್ಚು ಬೇಡ.

ಭುಜಂಗಾಸನ ಕೆಲವರಿಗೆ ಒಳ್ಳೆಯದು, ಕೆಲವರಿಗೆ ಕೆಟ್ಟದ್ದು. ಯಾರಿಗೆ ಕೆಟ್ಟದ್ದು ಎಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ವಯಸ್ಸು 71. ಹತ್ತು ನಿಮಿಷ ನಡೆದರೆ ಎರಡೂ ಕಾಲು ಜೋಮು ಹಿಡಿಯುತ್ತವೆ, ಕೂತರೆ ಸರಿಹೋಗುತ್ತದೆ. ಪರ್ವತಿ ಗುಡ್ಡದ ಮೆಟ್ಟಿಲು ಹತ್ತಬಹುದೇ? (ಪುಣೆ)

ಉತ್ತರ: ಬೆನ್ನುಮೂಳೆಯೊಳಗೆ ನರಗಳು ಹಾಯುವ ನಾಳ ಕಿರಿದಾದವರ ಲಕ್ಷಣ ಇದು. ಮುಂದೆ ಬಾಗಿದರೆ ನಾಳ ತುಸು ಅಗಲವಾಗುತ್ತದೆ, ಹಿಂದೆ ಬಾಗಿದರೆ ಇನ್ನೂ ಕಿರಿದಾಗುತ್ತದೆ. ಆದ್ದರಿಂದ ಭುಜಂಗಾಸನ ಬೇಡ. ಅಂಗಾತ ಮಲಗಿ ಮೊಣಕಾಲನ್ನು ಎದೆಗೆ ತರುವುದು, ಮನೆಯೊಳಗಿನ ಸೈಕಲ್ ನಿಮಗೆ ಹೊಂದುತ್ತವೆ. ನಡೆಯುವಾಗ ಜೋಮು ಬರುವ ಮೊದಲೇ, ಏಳು–ಎಂಟು ನಿಮಿಷಕ್ಕೆ, ಕೂತುಬಿಡಿ. ಹೀಗೆ ಮೂರು–ನಾಲ್ಕು ಕಂತು. ಹತ್ತುವಾಗ ಮೈ ತಾನಾಗಿ ಮುಂದೆ ಬಾಗುವುದರಿಂದ ಪರ್ವತಿ ಏರುವುದು ಕಷ್ಟವಾಗಲಿಕ್ಕಿಲ್ಲ; ಇಳಿಯುವುದು ಕಷ್ಟವಾಗುತ್ತದೆ. ಮೊದಲು ಕಾಲಿನ ರಕ್ತನಾಳ ಪರೀಕ್ಷೆ ಮಾಡಿಸಿ. ಕೂರದೆ, ಸುಮ್ಮನೆ ನಿಂತರೂ ಮೀನಖಂಡದ ನೋವು ಹೋಗುವುದಾದರೆ ತೊಂದರೆ ಬೆನ್ನಿನದ್ದಲ್ಲದೆ ರಕ್ತನಾಳದ್ದಿರಬಹುದು.

ಪ್ರಶ್ನೆ: 58ರ ಗೃಹಿಣಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ–ಸ್ಕೋರ್ ಮೈನಸ್ 2.7. ಬೆನ್ನು ಗೂನಾಗದಿರಲು ದಿನಾ ಹನ್ನೆರಡು ಸೂರ್ಯನಮಸ್ಕಾರ ಮಾಡುತ್ತಿದ್ದೇನೆ. (ವಾಸ್ಕೋ)

ಉತ್ತರ: ಇವತ್ತೇ ನಿಲ್ಲಿಸಿ. ಆ ಟಿ–ಸ್ಕೋರ್ ಅಂದರೆ ಮೂಳೆ ಟೊಳ್ಳಾಗಿದೆ ಎಂದೇ ಅರ್ಥ. ಟೊಳ್ಳಾದ ಮೂಳೆಯ ಮುಂಭಾಗ ಮುಂದೆ ಬಗ್ಗಿದಾಗ ಜಜ್ಜಿಹೋಗುತ್ತದೆ. ಮೂಳೆ ಸವೆದ 59 ಮಹಿಳೆಯರನ್ನು ಹಿಂಬಾಲಿಸಿದ 1984ರ ಅಧ್ಯಯನದಲ್ಲಿ, ಮುಂದೆ ಬಗ್ಗುವ ವ್ಯಾಯಾಮ ಮಾಡಿದವರಲ್ಲಿ ಶೇ 89 ಮಂದಿಗೆ ಬೆನ್ನುಮೂಳೆ ಮತ್ತೆ ಕುಸಿಯಿತು, ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದವರಲ್ಲಿ ಶೇ 16 ಮಂದಿಗೆ. ಮೇಲಿನ ಪಟ್ಟಿಯ ತಲೆ–ಹೆಗಲು ಎತ್ತುವುದೂ ನಿಮಗಲ್ಲ. ಹೊಟ್ಟೆಯಡಿ ದಿಂಬಿಟ್ಟು ಬೋರಲು ಮಲಗಿ ಎದೆಯನ್ನು ನಾಲ್ಕು ಬೆರಳು ಎತ್ತಿ ಐದು ಸೆಕೆಂಡು, ಹತ್ತು ಸಲ. ಜತೆಗೆ ಕುರ್ಚಿಯಿಂದ ಏಳುವುದು, ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ಕಡಲತೀರದಲ್ಲಿ ನಡೆಯುವವರು ಗಮನಿಸಿ: ಒದ್ದೆ ಮರಳು ನೀರಿನ ಕಡೆಗೆ ಇಳಿಜಾರು, ಸೊಂಟ ಒಂದು ಬದಿಗೆ ವಾಲುತ್ತದೆ. ಹೋದಷ್ಟೇ ದೂರ ಅದೇ ಅಂಚಿನಲ್ಲಿ ಮರಳಿ ಬನ್ನಿ.

ಪ್ರಶ್ನೆ: ಬೆನ್ನ ಮೇಲೆ ನಿಂತು ‘ನರ ಕೂರಿಸುವವರು’ ಇದ್ದಾರೆ, ಪುಡಿಯನ್ನೂ ಕೊಡುತ್ತಾರೆ. ಹೋಗಬಹುದೇ? (ಥಾಣೆ, ಮೀರಾ ರೋಡ್, ಪಿಂಪ್ರಿ)

ಉತ್ತರ: ಖಂಡಿತ ಬೇಡ. ನರ ಜಾಗ ಬಿಟ್ಟು ಓಡುವ ವಸ್ತುವಲ್ಲ, ಕೂರಿಸಲು. ಸವೆದ ಮೂಳೆಯ ಮೇಲೆ ಅರವತ್ತು ಕಿಲೋ ಮನುಷ್ಯ ನಿಂತರೆ ಮುರಿಯುತ್ತದೆ. ಮೂರೇ ದಿನದಲ್ಲಿ ನೋವನ್ನೆಲ್ಲ ಮಾಯಮಾಡುವ, ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ತಿಂಗಳುಗಟ್ಟಲೆ ತಿಂದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ, ಥಟ್ಟನೆ ನಿಲ್ಲಿಸಿದರೂ ಅಪಾಯ. ಈಗಾಗಲೇ ತಿನ್ನುತ್ತಿರುವವರು ಆ ಪೊಟ್ಟಣವನ್ನು ವೈದ್ಯರ ಮುಂದೆ ಇಡಿ, ಮುಚ್ಚಿಡಬೇಡಿ.

ಪ್ರಶ್ನೆ: ಹಲಗೆಯ ಮೇಲೆ ಮಲಗಬೇಕೇ?

ಉತ್ತರ: ಬೇಡ. ತೀರಾ ಗಟ್ಟಿಯಾದ ಹಾಸಿಗೆಗಿಂತ ಮಧ್ಯಮ ಗಟ್ಟಿಯದು ಮೇಲು ಎಂದು 2003ರಲ್ಲೇ ಪ್ರಯೋಗದಿಂದ ತಿಳಿದಿದೆ.

ಪ್ರಶ್ನೆ: ಕಲ್ಯಾಣದಿಂದ ದಾದರಿಗೆ ಲೋಕಲ್‌ನಲ್ಲಿ ನಾಲ್ಕನೇ ಸೀಟು (ಮೂವರ ಬೆಂಚಿನ ಅಂಚಿನಲ್ಲಿ ನಾಲ್ಕನೆಯವರ ಜಾಗ) ಸಿಗುತ್ತದೆ. ಕೂರುವುದು ಒಳ್ಳೆಯದೋ ನಿಲ್ಲುವುದೋ?

ಉತ್ತರ: ಅರ್ಧ ಪೃಷ್ಠ ಊರಿ, ಒಂದು ಕಾಲು ದಾರಿಗೆ ಚಾಚಿ ಕೂರುವುದಕ್ಕಿಂತ ಕಂಬಕ್ಕೆ ಒರಗಿ ನಿಲ್ಲಿ, ಪಾದ ಅಗಲಿಸಿ ಭಾರ ಬದಲಿಸುತ್ತಿರಿ, ಥಾಣೆಯಲ್ಲಿ ಪೂರ್ತಿ ಸೀಟು ಖಾಲಿಯಾದರೆ ಆಗ ಕೂರಿ.