ಪ್ರಿಪೊಸಿಷನ್ ಭಯಕ್ಕೆ ಮೇಲ್ ಕಳಿಸುವುದನ್ನೇ ನಿಲ್ಲಿಸಿದವರು

ನನ್ನ ಬಳಿ ಸಲಹೆ ಕೇಳಿದ ಒಬ್ಬರ ಕತೆ ಇದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ಮಹಿಳೆ. ಕೆಲಸದಲ್ಲಿ ಗಟ್ಟಿ. ಆದರೆ ಇಂಗ್ಲಿಷ್‌ನಲ್ಲಿ ಮೇಲ್ ಬರೆಯಬೇಕು ಅಂದರೆ ಕೈಯೇ ಓಡುವುದಿಲ್ಲ, ನಾಲ್ಕು ಸಾಲು ಬರೆದು ಅಳಿಸಿ ಮತ್ತೆ ಬರೆದು ಕೊನೆಗೆ ಪಕ್ಕದವರಿಗೆ ತೋರಿಸಿಯೇ ಕಳಿಸುವುದು. ಆ ಪಕ್ಕದವರು ರಜೆ ಹಾಕಿದ ದಿನ ಮೇಲ್ ಹೋಗುವುದೇ ಇಲ್ಲ. "ನನಗೆ ಗ್ರಾಮರ್ ತಲೆಗೇ ಹತ್ತಲ್ಲ ಮೇಡಂ" ಎಂದೇ ಈಕೆ ಮಾತು ಶುರು ಮಾಡಿದರು.

ಯಾವಾಗಿನಿಂದ ಹೀಗೆ ಎಂದು ಕೇಳಿದಾಗ ವಿಷಯ ಹೊರಬಂತು. ಒಮ್ಮೆ ಮೇಲ್‌ನಲ್ಲಿ, ತಪ್ಪು ಎಂಟ್ರಿಗಳಿಂದಾಗಿ ವರದಿ ತಡವಾಯಿತು ಎಂದು ಬರೆಯಬೇಕಿತ್ತು. ಇವರು 'ದ ಡಿಲೇ ರಿಸಲ್ಟೆಡ್ ಇನ್ ರಾಂಗ್ ಎಂಟ್ರೀಸ್' ಎಂದು ಬರೆದರು. ಅರ್ಥ ಪೂರ್ತಿ ತಿರುಗಿತು: ತಡವಾಗಿದ್ದರಿಂದ ಎಂಟ್ರಿಗಳು ತಪ್ಪಾದವು ಅಂತಾಯಿತು. 'ರಿಸಲ್ಟ್ ಇನ್' ಆದಮೇಲೆ ಬರುವುದು ಪರಿಣಾಮ, 'ರಿಸಲ್ಟ್ ಫ್ರಮ್' ಆದಮೇಲೆ ಬರುವುದು ಕಾರಣ. ಮೇಲಧಿಕಾರಿ ಅದನ್ನು ಎಲ್ಲರೆದುರು ಓದಿ ನಕ್ಕರಂತೆ. ತಿದ್ದುವುದು ಬೇರೆ, ನಗುವುದು ಬೇರೆ, ಆ ನಗು ತಪ್ಪು ಎಂದು ಈ ಮಹಿಳೆಗೆ ಮೊದಲೇ ಹೇಳಿದೆ.

ಆಮೇಲೆ ಅವರ ಹಳೆಯ ಮೇಲ್‌ಗಳನ್ನು ಇಬ್ಬರೂ ಕೂತು ಓದಿದೆವು. ಇನ್, ಆನ್, ಟು, ಫ್ರಮ್‌ನಂಥ ಪುಟ್ಟ ಪದಗಳೇ ಪ್ರಿಪೊಸಿಷನ್‌ಗಳು. ಅವು ಬಿಟ್ಟುಹೋಗಿದ್ದು ಕಡಿಮೆ, ಬೇಡದ ಕಡೆ ಸೇರಿಸಿದ್ದೇ ಜಾಸ್ತಿ. ಡಿಸ್ಕಸ್ ಅಬೌಟ್, ಎಂಫಸೈಸ್ ಆನ್, ರೀಚ್ ಟು ದ ಆಫೀಸ್. ಇವು ಸುಮ್ನೆ ಆದ ತಪ್ಪುಗಳಲ್ಲ. 'ಇದರ ಬಗ್ಗೆ ಚರ್ಚಿಸೋಣ' ಎಂದು ಕನ್ನಡದಲ್ಲಿ ಹೇಳುತ್ತೇವಲ್ಲ, ಆ 'ಬಗ್ಗೆ'ಯೇ ಅಬೌಟ್ ಆಗಿ ಬಂದು ಕೂರುತ್ತದೆ. ಇನ್ನೊಂದು ಕಾರಣವೂ ಇದೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. 'ಎ ಡಿಸ್ಕಶನ್ ಅಬೌಟ್' ಸರಿ, 'ಎಂಫಸಿಸ್ ಆನ್' ಸರಿ, 'ಎ ರಿಕ್ವೆಸ್ಟ್ ಫಾರ್ ಲೀವ್' ಕೂಡ ಸರಿ, ಯಾಕೆಂದರೆ ಅಲ್ಲಿ ಅವು ನಾಮಪದಗಳು. ಇವೇ ಕ್ರಿಯಾಪದವಾದ ಕೂಡಲೇ ಪ್ರಿಪೊಸಿಷನ್ ಇಲ್ಲದೆ ನೇರವಾಗಿ ವಿಷಯಕ್ಕೆ ಹೋಗಬೇಕು: ಡಿಸ್ಕಸ್ ದ ಬಜೆಟ್, ಎಂಫಸೈಸ್ ದ ಪಾಯಿಂಟ್, ರಿಕ್ವೆಸ್ಟ್ ಲೀವ್. ಇದನ್ನು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಬೇರೆ ಕಡೆ ಸರಿ ಇರೋದನ್ನೇ ಇಲ್ಲಿಗೆ ತಂದಿದ್ದೆ ಅಲ್ವಾ?" ಎಂದರು. ಹೌದು, ಅಷ್ಟೇ.

ಕೊಟ್ಟ ಸಲಹೆ ಹೀಗಿತ್ತು. ಪ್ರಿಪೊಸಿಷನ್ ಪಟ್ಟಿ ಬಾಯಿಪಾಠ ಮಾಡುವುದನ್ನು ನಿಲ್ಲಿಸಿ. ಡಿಪೆಂಡ್ ಆದಮೇಲೆ ಆನ್ ಏಕೆ, ಕನ್ಸಿಸ್ಟ್ ಆದಮೇಲೆ ಆಫ್ ಏಕೆ ಎಂದು ತರ್ಕ ಹುಡುಕುತ್ತಾ ಕೂರಬೇಡಿ, 'ಡಿಪೆಂಡ್ ಆನ್' ಎಂಬುದನ್ನು ಒಂದೇ ಪದದ ಹಾಗೆ ಕಲಿಯಿರಿ, ಅದೂ ನಿಮ್ಮ ಕೆಲಸದಲ್ಲಿ ನಿಜವಾಗಿ ಬರೆಯುವ ಪೂರ್ತಿ ವಾಕ್ಯದ ಒಳಗೆ. ಕೆಲವು ಕ್ರಿಯಾಪದಗಳಿಗೆ ವ್ಯಕ್ತಿಗೊಂದು, ವಿಷಯಕ್ಕೊಂದು ಪ್ರಿಪೊಸಿಷನ್ ಬೇಕು: ಅಪಾಲಜೈಸ್ ಟು ದ ಕ್ಲೈಂಟ್ ಫಾರ್ ದ ಡಿಲೇ. ಕಂಪ್ಲೇನ್ ಕೂಡ ಹಾಗೆಯೇ, ಯಾರಿಗೆ ಎಂಬುದಕ್ಕೆ ಟು, ಯಾವುದರ ಬಗ್ಗೆ ಎಂಬುದಕ್ಕೆ ಅಬೌಟ್. ಅಗ್ರೀ ಮಾತ್ರ ಎಚ್ಚರದಿಂದ ಬಳಸಿ. ವ್ಯಕ್ತಿಯ ಅಭಿಪ್ರಾಯ ನಮಗೂ ಸರಿ ಅನ್ನಿಸಿದರೆ ವಿತ್, ಯಾರೋ ಮುಂದಿಟ್ಟ ಷರತ್ತಿಗೆ ಒಪ್ಪಿಕೊಂಡರೆ ಟು, ಇಬ್ಬರೂ ಸೇರಿ ಒಂದು ದಿನಾಂಕ ಗೊತ್ತುಮಾಡಿಕೊಂಡರೆ ಆನ್.

ಎಲ್ಲ ತಪ್ಪಿಗೂ ಒಂದೇ ತೂಕ ಕೊಡಬೇಡಿ ಎಂದೂ ಒತ್ತಿ ಹೇಳಿದೆ. 'ಡಿಸ್ಕಸ್ ಅಬೌಟ್' ಬರೆದರೂ ಓದುವವರಿಗೆ ಅರ್ಥವಾಗುತ್ತದೆ, ನಿಧಾನಕ್ಕೆ ತಿದ್ದಿಕೊಳ್ಳಬಹುದು. ಅರ್ಥವನ್ನೇ ಬದಲಿಸುವ ರಿಸಲ್ಟ್, ಅಗ್ರೀ, ಲುಕ್‌ನಂಥವು ಬಂದಾಗ ಮಾತ್ರ ನಿಂತು ನೋಡಿ. ಲುಕ್ ಫಾರ್ ಅಂದರೆ ಹುಡುಕುವುದು, ಲುಕ್ ಆಫ್ಟರ್ ಅಂದರೆ ನೋಡಿಕೊಳ್ಳುವುದು.

ಈಗ ಅವರು ಯಾರಿಗೂ ತೋರಿಸದೆ ಮೇಲ್ ಕಳಿಸುತ್ತಾರೆ, ಕಳಿಸುವ ಮುಂಚೆ ಕ್ರಿಯಾಪದಗಳನ್ನು ಮಾತ್ರ ಒಮ್ಮೆ ನೋಡಿಕೊಂಡು. ಅರೈವ್ ಬಂದರೆ ಇನ್ನೂ ತಡವರಿಸುತ್ತಾರೆ. ಊರು, ದೇಶಕ್ಕೆ ಇನ್, ಕಟ್ಟಡ ಅಥವಾ ನಿಲ್ದಾಣಕ್ಕೆ ಅಟ್, ಟು ಮಾತ್ರ ಬೇಡ ಎಂದು ಹೇಳಿಕೊಟ್ಟಿದ್ದೇನೆ. ಕಂಪೇರ್ ಟು, ಕಂಪೇರ್ ವಿತ್ ವಿಚಾರ ಅವರೇ ಕೇಳಿದರು. ಅದನ್ನು ಸದ್ಯಕ್ಕೆ ಮುಟ್ಟಬೇಡಿ ಎಂದಿದ್ದೇನೆ.